ಹಲಗೆಗೆ ಬಾರದ ನುಡಿ

ಸುಮಾಳಿಗೆ ಹೊಟ್ಟೆಕಿಚ್ಚು ಅಂದರೆ ಏನೆಂದೇ ಗೊತ್ತಿಲ್ಲ, ಬಹಳ ಸಾಧು ಹುಡುಗಿ ಎಂದು ಭಾನುವಳ್ಳಿಯಲ್ಲಿ ಯಾರಾದರೂ ಹೇಳಿದರೆ ನೀವು ನಂಬಬೇಡಿ. ಸಾಧು ಹುಡುಗಿ, ನಿಜ. ಆದರೆ ಸಾಧುವಾದವರಿಗೆ ಹೊಟ್ಟೆ ಇರುವುದಿಲ್ಲವೇ? ಇತ್ತು, ಅದರಲ್ಲಿ ಕಿಚ್ಚೂ ಇತ್ತು. ಒಲೆಗೆ ಹಾಕಿದ್ದರೆ ಮನೆಮಂದಿಗೆಲ್ಲ ರೊಟ್ಟಿ ಬೇಯುವಷ್ಟಿತ್ತು.

ಆ ಕಿಚ್ಚಿನ ಹೆಸರು ರಶ್ಮಿತಾ. ಮನೆ ದಾವಣಗೆರೆಯ ನಿಟ್ಟುವಳ್ಳಿ. ಬಿ.ಎಡ್. ಕಾಲೇಜಿನ ಮೊದಲ ದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು, ಇಬ್ಬರೂ ಕನ್ನಡ ಟೀಚರ್ ಆಗಲು ಬಂದವರು, ಎರಡು ವರ್ಷ ಆ ಬೆಂಚು ಬದಲಾಗಲಿಲ್ಲ. ಜೀವದ ಗೆಳತಿಯರು ಅಂತ ಇಡೀ ಕಾಲೇಜು ಅಂದುಕೊಂಡಿತ್ತು. ಪಾಪ, ರಶ್ಮಿತಾ ಕೂಡ ಹಾಗೇ ಅಂದುಕೊಂಡಿದ್ದಳು.

ಸುಮಾ ಬೆಳಗ್ಗೆ ಆರೂಮುಕ್ಕಾಲಿನ ಬಸ್ಸಿಗೆ ಹಸಿಗೂದಲಿನ ಜಡೆ ಹಾಕಿಕೊಂಡೇ ಓಡಬೇಕು, ಹರಿಹರದಲ್ಲಿ ಇಳಿಯಬೇಕು, ಅಲ್ಲಿಂದ ದಾವಣಗೆರೆ ಬಸ್ಸಿನಲ್ಲಿ ನಿಂತುಕೊಂಡು ಬರಬೇಕು. ರಶ್ಮಿತಾ ಒಂಬತ್ತು ಗಂಟೆಗೆ ಸ್ಕೂಟಿ ತೆಗೆದರೆ ಒಂಬತ್ತೂ ಹತ್ತಕ್ಕೆ ಕಾಲೇಜು. ಅವಳ ಕೂದಲು ಯಾವತ್ತೂ ಒಣಗಿ ಹಾರಾಡುತ್ತಿರುತ್ತಿತ್ತು. ಅವಳ ಅಪ್ಪ ವಾಮದೇವಪ್ಪನವರದು ಬಟ್ಟೆ ಅಂಗಡಿ, ಮಗಳು ಬಿ.ಎಡ್. ಸೇರಿದಳೆಂದು ಲ್ಯಾಪ್‌ಟಾಪ್ ತಂದುಕೊಟ್ಟಿದ್ದರು. ಸುಮಾಳ ಅಪ್ಪ ಹಾಲೇಶಪ್ಪನೂ ಸುಮ್ಮನಿರಲಿಲ್ಲ, ಮಗಳು ಬಿ.ಎಡ್. ಸೇರಿದಳೆಂದು ಹೊಸ ಚಪ್ಪಲಿ ಕೊಡಿಸಿದ್ದ. ಚಪ್ಪಲಿ ಚೆನ್ನಾಗಿಯೇ ಇದ್ದವು. ಆದರೆ ಚಪ್ಪಲಿಯಲ್ಲಿ ಪಾಠ ತಯಾರಿಸಲು ಆಗುತ್ತದೆಯೇ?

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ಇದ್ದವರ ಮನೆ ಮಗಳು ಸೊಕ್ಕು ಮಾಡಿದ್ದರೆ ಸುಮಾಳಿಗೆ ಮನಸ್ಸಿನಲ್ಲೇ ಬೈದುಕೊಳ್ಳಲು ಒಂದು ದಾರಿಯಾದರೂ ಇರುತ್ತಿತ್ತು. ಈ ಹುಡುಗಿ ಸೊಕ್ಕೂ ಮಾಡುತ್ತಿರಲಿಲ್ಲ. ಒಮ್ಮೆ ಭಾನುವಳ್ಳಿಗೆ ಬಂದವಳು ಸುಮಾಳ ಅವ್ವ ರಂಗವ್ವನ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮೂರು ರೊಟ್ಟಿ ತಿಂದು, ಶೇಂಗಾ ಚಟ್ನಿಯನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗಿದ್ದಳು. ಅವತ್ತಿನಿಂದ ರಂಗವ್ವನ ಬಾಯಲ್ಲಿ ಒಂದೇ ಮಾತು.

“ಬಾಳ ಒಳ್ಳೇ ಹುಡುಗಿ ಬಿಡವ್ವ ಅದು.”

ಎಂಟು ದಿನಕ್ಕೊಮ್ಮೆಯಾದರೂ ಆ ಮಾತು ಬರುತ್ತಿತ್ತು. ಬಂದಾಗಲೆಲ್ಲ ಸುಮಾ ತೊಳೆಯುತ್ತಿದ್ದ ಪಾತ್ರೆಯನ್ನು ಕಲ್ಲಿನ ಮೇಲೆ ಕುಕ್ಕುತ್ತಿದ್ದಳು.

ಎರಡನೇ ವರ್ಷ ಕಾಲೇಜಿಗೆ ಸ್ಮಾರ್ಟ್ ಬೋರ್ಡು ಬಂತು. ಗೋಡೆಯಷ್ಟಗಲದ ಟಿ.ವಿ. ಅನ್ನಿ, ಬೆರಳಿನಿಂದ ಮುಟ್ಟಿದರೆ ಬರೆಯುತ್ತದೆ, ಚಿತ್ರ ತೋರಿಸುತ್ತದೆ, ಹಾಡುತ್ತದೆ. ಅದನ್ನು ಕಲಿಸುವವರು ಮಹಾಂತೇಶ್ ಸರ್. “ಚಾಕ್‌ಪೀಸ್ ಹಿಡಿಯೋಕೆ ನಿಮಗೆ ಯಾರೂ ಕಲಿಸಬೇಕಾಗಿಲ್ಲ, ಇದನ್ನ ಕಲೀರಿ” ಎನ್ನುತ್ತಿದ್ದರು. “ನಾಳೆ ನೀವು ಹೋಗೋ ಶಾಲೆಯಾಗೆ ಇದು ಇರ್ತೈತೆ. ನಿಮಗೆ ಬರ್ಲಿಲ್ಲ ಅಂದ್ರೆ ಎಂಟನೇ ಕ್ಲಾಸಿನ ಹುಡುಗ್ರು ಎದ್ದು ಬಂದು ನಿಮಗೆ ಕಲಿಸ್ತಾರೆ, ನೆನಪಿರಲಿ.”

ಒಂದು ದಿನ ಅವರು ಮಾತಾಡಿದ್ದನ್ನು ತಾನೇ ಬರೆದುಕೊಳ್ಳುವ ಸೌಲಭ್ಯ ತೋರಿಸಿದರು. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಸಾಕು, ಹಲಗೆಯ ಮೇಲೆ ಅಕ್ಷರ ಬೀಳುತ್ತದೆ. ಮೊದಲು ಕರೆದದ್ದು ಸುಮಾಳನ್ನೇ. ಅವಳು ಸೆರಗು ಸರಿಮಾಡಿಕೊಂಡು, ಗಂಟಲು ಕೆಮ್ಮಿಕೊಂಡು, ಯಾವ ಟೀಚರಾದರೂ ತರಗತಿಗೆ ಬಂದ ಕೂಡಲೇ ಹೇಳುವ ಮಾತನ್ನೇ ಹೇಳಿದಳು.

“ಮಕ್ಕಳೇ, ಎಲ್ಲರೂ ಕೂಡ್ರಿ.”

ನಮ್ಮ ಕಡೆ ಕೂಡ್ರಿ ಅಂದರೆ ಕುಳಿತುಕೊಳ್ಳಿ ಅಂತ. ಆ ಯಂತ್ರಕ್ಕೆ ನಮ್ಮ ಕಡೆಯ ಮಾತು ಎಲ್ಲಿ ಗೊತ್ತಾಗಬೇಕು? ಅದು ದಪ್ಪ ದಪ್ಪ ಅಕ್ಷರದಲ್ಲಿ ‘ಮಕ್ಕಳೇ ಎಲ್ಲರೂ ಕುಡಿಯಿರಿ’ ಎಂದು ಬರೆದು ನಿಂತಿತು.

ಐವತ್ತು ಜನ ಬೆಂಚು ಬಡಿದುಕೊಂಡು ನಕ್ಕರು. ಮಹಾಂತೇಶ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರಶ್ಮಿತಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಆಮೇಲೆ ಅವಳನ್ನು ಕರೆದಾಗ ಟಿ.ವಿ.ಯಲ್ಲಿ ವಾರ್ತೆ ಓದುವವರ ಹಾಗೆ “ಮಕ್ಕಳೇ, ಎಲ್ಲರೂ ಕುಳಿತುಕೊಳ್ಳಿ” ಎಂದಳು. ಯಂತ್ರ ಒಂದು ಒತ್ತಕ್ಷರವನ್ನೂ ತಪ್ಪಿಸದೆ ಬರೆದುಕೊಂಡಿತು. ಇದಕ್ಕೂ ಸಿಟಿಯವರೇ ಬೇಕು ಅಂತ ಸುಮಾ ಹಲ್ಲು ಕಡಿದಳು. ಅವತ್ತಿನಿಂದ ಅವಳಿಗೆ ‘ಕುಡೀರಿ ಮೇಡಂ’ ಎಂದು ಹೆಸರು ಬಿತ್ತು. ಮಧ್ಯಾಹ್ನ ರಶ್ಮಿತಾನೇ ಕ್ಯಾಂಟೀನಿನಿಂದ ಚಹಾ ತಂದು, “ತಗೊಳ್ರಿ ಮೇಡಂ, ಕುಡೀರಿ” ಅಂದಳು. ಅವಳ ಮಟ್ಟಿಗೆ ಅದು ತಮಾಷೆ. ಸುಮಾ ಕುಡಿದಳು, ನಕ್ಕಳು ಕೂಡ. ಒಳಗೆ ಚಹಾಕ್ಕಿಂತ ಬಿಸಿಯಾದದ್ದು ಬೇರೆ ಕುದಿಯುತ್ತಿತ್ತು.

ಆದರೆ ದೇವರು ಸುಮಾಳಿಗೂ ಒಂದು ಕೊಟ್ಟಿದ್ದ. ಅವಳಿಗೆ ಕನ್ನಡ ಟೈಪಿಂಗ್ ಬರುತ್ತಿತ್ತು. ಡಿಗ್ರಿ ಓದುವಾಗ ಎರಡು ಬೇಸಿಗೆ ರಜೆ ಹರಿಹರದ ಬಸ್‌ಸ್ಟ್ಯಾಂಡಿನ ಹತ್ತಿರ ಖಾಜಾ ಹುಸೇನರ ಜೆರಾಕ್ಸ್ ಅಂಗಡಿಯಲ್ಲಿ ಕೂತು ಕಲಿತಿದ್ದಳು. ಅಲ್ಲಿ ನಡೆಯುತ್ತಿದ್ದದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶ. ಅರ್ಜಿ, ಕರಾರುಪತ್ರ, ಪ್ರಶ್ನೆಪತ್ರಿಕೆ ಎಲ್ಲ ಅದರಲ್ಲೇ. ಕೀಲಿಮಣೆ ನೋಡದೆ ಹತ್ತೂ ಬೆರಳು ಓಡಿಸುತ್ತಿದ್ದಳು. ಖಾಜಾ ಭಾಯ್ ಬಂದ ಗಿರಾಕಿಗಳಿಗೆಲ್ಲ, “ನೋಡ್ರಿ, ಈ ಹುಡುಗಿ ಟೈಪ್ ಮಾಡಿದ್ದರಾಗೆ ಒಂದು ತಪ್ಪು ಹುಡುಕಿ ಕೊಡ್ರಿ” ಎಂದು ಸವಾಲು ಹಾಕುತ್ತಿದ್ದರು. ರಶ್ಮಿತಾಳಿಗೆ ಲ್ಯಾಪ್‌ಟಾಪ್ ಇತ್ತು, ಆದರೆ ಅದರಲ್ಲಿ ಕನ್ನಡದ ‘ಅ’ ಹೊಡೆಯಲು ಬರುತ್ತಿರಲಿಲ್ಲ. ಇಡೀ ಜಗತ್ತಿನಲ್ಲಿ ಸುಮಾಳ ಕೈ ಮೇಲಾಗಿದ್ದು ಅದೊಂದೇ ಕಡೆ.

ಕೊನೆಯ ಸೆಮಿಸ್ಟರಿಗೆ ಇಬ್ಬರನ್ನೂ ಪಾಠ ಮಾಡುವ ತರಬೇತಿಗೆಂದು ಹರಿಹರದ ಒಂದು ಖಾಸಗಿ ಹೈಸ್ಕೂಲಿಗೆ ಹಾಕಿದರು. ಅಲ್ಲಿನ ಹೆಡ್‌ಮೇಡಂ ಉಡಚಮ್ಮ. ಐವತ್ತೈದು ದಾಟಿದವರು, ಬಾಯಿ ಜೋರು, ಕೆಲಸ ಕಂಡರೆ ಬಿಡುವವರಲ್ಲ. ಒಂದು ದಿನ ಇಬ್ಬರನ್ನೂ ಕರೆದು ನಿಲ್ಲಿಸಿಕೊಂಡರು.

“ನೋಡ್ರಮ್ಮ, ನಮ್ಮ ಕನ್ನಡ ಮೇಷ್ಟ್ರು ಮಾರ್ಚಿಗೆ ರಿಟೈರ್ ಆಗ್ತಾರೆ. ಜೂನಿಗೆ ನನಗೆ ಒಬ್ಬರು ಬೇಕು. ಇಬ್ಬರೂ ಚಲೋ ಮಾಡ್ತೀರಿ, ಆದ್ರೆ ಇರೋದು ಒಂದೇ ಜಾಗ. ನಿಮ್ಮ ಕೊನೇ ಪಾಠ ನಾನೇ ಬಂದು ಕೂತು ನೋಡ್ತೀನಿ. ಅವತ್ತೇ ಹೇಳ್ತೀನಿ ಯಾರು ಅಂತ.”

ಆ ಒಂದು ಜಾಗ ಸುಮಾಳಿಗೆ ಏನು ಅನ್ನುವುದನ್ನು ಹೇಳಿಬಿಡಬೇಕು. ಭಾನುವಳ್ಳಿಯಿಂದ ಒಂದೇ ಬಸ್ಸು ಹತ್ತಿದರೆ ಶಾಲೆ, ಸಂಜೆ ಐದಕ್ಕೆ ಮನೆ. ಏಳನೇ ಕ್ಲಾಸಿನಿಂದ ಬಾಗಿಲ ಮೇಲೆ ಇದ್ದಿಲಲ್ಲಿ ಬರೆದು ಪಾಠ ಹೇಳುತ್ತಿದ್ದ ಹುಡುಗಿ ಅವಳು, ದನಕ್ಕೂ ಹಾಜರಿ ಕೂಗುತ್ತಿದ್ದಳು. ಆದರೆ ಹಾಲೇಶಪ್ಪ ಮೊದಲೇ ಹೇಳಿದ್ದ. ಜೂನಿಗೆ ಟೀಚರ್ ಕೆಲಸ ಸಿಕ್ಕರೆ ಸಂತೋಷ, ಸಿಗದಿದ್ದರೆ ಮನೆಯಲ್ಲಿ ಕೂರುವಂತಿಲ್ಲ. ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಅವಳ ಮಾವ ಮಾತಾಡಿಟ್ಟಿದ್ದಾನೆ, ಹೋಗಬೇಕು. ಸುಮಾ ಹೂಂ ಅಂದಿದ್ದಳು. ರಶ್ಮಿತಾಳಿಗಾದರೋ ದಾವಣಗೆರೆಯ ತುಂಬ ಶಾಲೆಗಳಿವೆ, ಅಪ್ಪನ ಅಂಗಡಿಗೆ ಬರುವ ಗಿರಾಕಿಗಳಲ್ಲೇ ನಾಲ್ಕು ಜನ ಆಡಳಿತ ಮಂಡಳಿಯವರಿದ್ದಾರೆ. ಆದರೂ ಅವಳು ಹೊರಗೆ ಬಂದು, “ಈ ಶಾಲೆ ನಂಗೆ ಬಾಳ ಹಿಡಿಸೈತೆ ಕಣೇ, ಇಲ್ಲೇ ಸಿಕ್ರೆ ಎಷ್ಟು ಚಂದ” ಅಂದುಬಿಟ್ಟಳು. ತಗೋ! ಊಟಕ್ಕೆ ಕೂತವಳ ಎಲೆಗೆ ಕೈ ಹಾಕಿದ ಹಾಗಾಯಿತು ಸುಮಾಳಿಗೆ.

ರಶ್ಮಿತಾ ಕೊನೆಯ ಪಾಠಕ್ಕೆ ಸಂಧಿಯನ್ನು ಆರಿಸಿಕೊಂಡಳು. ಹಲಗೆಯ ಈ ಕಡೆಯಿಂದ ‘ದೇವ’, ಆ ಕಡೆಯಿಂದ ‘ಆಲಯ’ ಓಡಿಬರಬೇಕು, ನಡುವೆ ಢಿಕ್ಕಿ ಹೊಡೆಯಬೇಕು, ಹೊಗೆ ಏಳಬೇಕು, ಹೊಗೆ ಹೋದರೆ ‘ದೇವಾಲಯ’ ನಿಂತಿರಬೇಕು. ಎಂಥ ತಲೆ ನೋಡಿ! ಸುಮಾ ಕೇಳಿದ ಕೂಡಲೇ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಮೈ ಪರಚಿಕೊಳ್ಳುವಂತಾದಳು. ಆದರೆ ಒಂದು ತೊಡಕು ಬಂತು. ರಶ್ಮಿತಾ ಮೈಕಿಗೆ “ದೇವ... ಆಲಯ” ಅಂದರೆ ಯಂತ್ರ ತಾನೇ ಸಂಧಿ ಮಾಡಿ ‘ದೇವಾಲಯ’ ಎಂದು ಬರೆಯುತ್ತಿತ್ತು. ಎಷ್ಟು ಬಿಡಿಸಿ ಹೇಳಿದರೂ ಅದು ಕೂಡಿಸುತ್ತಿತ್ತು.

“ಸುಮಾ, ಇದಕ್ಕೆ ನಂಗಿಂತ ಚೆನ್ನಾಗಿ ವ್ಯಾಕರಣ ಬರ್ತೈತೆ ನೋಡೇ” ಎಂದು ನಕ್ಕು, “ನೀನೇ ಕೈಲಿ ಟೈಪ್ ಮಾಡಿಕೊಡೇ, ನಿನ್ನ ಕಾಲಿಗೆ ಬೀಳ್ತೀನಿ” ಅಂದಳು.

ಸುಮಾ ಮಾಡಿಕೊಟ್ಟಳು. ಖಾಜಾ ಭಾಯ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು, ನಲವತ್ತು ಪದ, ನಾಲ್ಕು ಸೂತ್ರ, ಒಂದೂ ತಪ್ಪಿಲ್ಲದೆ ನುಡಿಯಲ್ಲಿ ಹೊಡೆದು ಕೊಟ್ಟಳು. ಅದರಲ್ಲಿ ಕಪಟ ಇರಲಿಲ್ಲ, ಅವಳಿಗೆ ಬರುತ್ತಿದ್ದದ್ದೇ ಅದು. ತನ್ನ ಪಾಠವನ್ನೂ ಹಾಗೇ ಹೊಡೆದುಕೊಂಡಳು. ಅವಳದು ಗಾದೆ ಮಾತಿನ ವಿಸ್ತರಣೆ. ಆರಿಸಿದ ಗಾದೆ ‘ಮಾಡಿದ್ದುಣ್ಣೋ ಮಹಾರಾಯ’. ಪಠ್ಯದ ಹಿಂದಿನ ಪಟ್ಟಿಯಲ್ಲಿ ಅದೇ ಮೊದಲಿಗೆ ಕಂಡಿತು, ಅದಕ್ಕೇ ಆರಿಸಿದ್ದು.

ಪಾಠ ಇದ್ದದ್ದು ಸೋಮವಾರ. ಹಿಂದಿನ ಗುರುವಾರ ಸುಮಾ ಒಂದು ಸಲ ನೋಡಿಬಿಡೋಣ ಎಂದು ಶಾಲೆಯ ಹಲಗೆಗೆ ತನ್ನ ಪೆನ್‌ಡ್ರೈವ್ ಹಾಕಿದಳು. ಫೈಲು ತೆರೆದುಕೊಂಡಿತು. ಕನ್ನಡದ ಒಂದಕ್ಷರ ಇಲ್ಲ! ಇಂಗ್ಲಿಷಿನ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ. ಯಾರೋ ಚೇಳು ಹಿಡಿದು ತಂದು ಹಲಗೆಯ ಮೇಲೆ ಬಿಟ್ಟಂತಿತ್ತು. ಓಡಿದಳು ಖಾಜಾ ಭಾಯ್ ಹತ್ತಿರ.

ಖಾಜಾ ಹುಸೇನರು ನಕ್ಕುಬಿಟ್ಟರು. “ಅರೆ ಬೇಟಿ, ಇಷ್ಟಕ್ಕೆ ಅಳ್ತಾರೇನು? ನುಡಿ ಹಾಕಿದ್ ಕಂಪ್ಯೂಟರ್‌ನಾಗೆ ಮಾತ್ರ ನುಡಿ ಕಾಣ್ತೈತೆ. ನಿಮ್ ಶಾಲೆ ಬೋರ್ಡಿಗೆ ಅದನ್ನ ಹಾಕಿಲ್ಲ, ಅಷ್ಟೇ. ಒಂದಾ ಅಲ್ಲಿ ನುಡಿ ಹಾಕ್ಬೇಕು, ಇಲ್ಲಾ ನಿನ್ ಫೈಲ್ ಬದಲಾಯಿಸ್ಬೇಕು. ಇಗೋ, ತುಂಗಾ ಅಂತ ಐತೆ ನೋಡು ಈ ಫಾಂಟು. ನಮ್ ಹೊಳೆ ಹೆಸರು! ಇದು ಹೆಚ್ಚುಕಡಿಮೆ ಎಲ್ಲಾ ಕಡೆ ಕಾಣ್ತೈತೆ.”

ಟಕಟಕ ಎಂದು ಏನೇನೋ ಒತ್ತಿದರು. ಅವಳ ಗಾದೆಗಳೆಲ್ಲ ನುಡಿಯಿಂದ ತುಂಗಾಕ್ಕೆ ದಾಟಿಕೊಂಡವು. ಖಾಜಾ ಭಾಯ್ ಕುರ್ಚಿ ತಿರುಗಿಸಿ ಕೇಳಿದರು.

“ನಿನ್ ಗೆಳತೀದು ಸಂಧಿ ಫೈಲು ಇಲ್ಲೇ ಐತಲ್ಲ, ಅದನ್ನೂ ಬದಲಾಯಿಸಿ ಕಳಿಸ್ಲಾ? ಎರಡು ನಿಮಿಷ.”

ಅಂಗಡಿಯ ಮುಂದೆ ದಾವಣಗೆರೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಸುಮಾಳ ಕಣ್ಣ ಮುಂದೆ ‘ದೇವ’ ಮತ್ತು ‘ಆಲಯ’ ಓಡಿಬಂದವು, ಢಿಕ್ಕಿ ಹೊಡೆದವು, ಹೊಗೆಯ ನಡುವೆ ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತ ರಶ್ಮಿತಾ ಕಂಡಳು.

“ಬ್ಯಾಡ ಭಾಯ್” ಅಂದಳು. “ಅವಳು ನೋಡ್ಕೊಂತಾಳೆ.”

ಖಾಜಾ ಭಾಯ್ “ಆಯ್ತು” ಅಂದು ಜೆರಾಕ್ಸಿಗೆ ಎದ್ದರು.

ಮನೆಗೆ ಹೋಗುವ ಬಸ್ಸಿನಲ್ಲಿ ಸುಮಾ ತನಗೆ ತಾನೇ ವಕೀಲಿ ಮಾಡಿಕೊಂಡಳು. ನಾನೇನು ಸುಳ್ಳು ಹೇಳಿದೆನೇ? ಅವಳ ಫೈಲು ಕೆಡಿಸಿದೆನೇ? ಅವಳೂ ಒಂದು ಸಲ ಹಲಗೆಗೆ ಹಾಕಿ ನೋಡಬೇಕಪ್ಪ, ನಾನು ನೋಡಲಿಲ್ಲವೇ? ‘ಕುಡೀರಿ’ ಅಂತ ಬಂದಾಗ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ ಅಲ್ಲವೇ? ಈಗ ಅವಳ ಹಲಗೆಯನ್ನು ನೋಡಿ ಜನ ಒಂದು ದಿನ ನಗಲಿ, ಆಕಾಶ ಬೀಳುವುದಿಲ್ಲ. ಭಾನುವಳ್ಳಿ ಬರುವ ಹೊತ್ತಿಗೆ ಅವಳು ಪೂರ್ತಿ ನಿರಪರಾಧಿ.

ಆದರೆ ಶನಿವಾರ ಮಧ್ಯಾಹ್ನ ಫೋನು ಹೊಡೆದುಕೊಂಡಾಗ, ಪರದೆಯ ಮೇಲೆ ರಶ್ಮಿತಾಳ ಹೆಸರು ಕಂಡಾಗ, ಆ ನಿರಪರಾಧಿಯ ಕೈ ಫೋನಿನ ಹತ್ತಿರ ಹೋಗಲಿಲ್ಲ. ಮತ್ತೊಮ್ಮೆ ಬಂತು. ಮೂರನೇ ಸಲವೂ ಬಂತು. ಆಮೇಲೆ ‘ಫೋನ್ ಎತ್ತೇ ಮಾರಾಯ್ತಿ’ ಎಂಬ ಸಂದೇಶ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಅಂತ ಯಾರೂ ಅನ್ನುವ ಮೊದಲೇ ಸುಮಾ ಹೆಗಲು ಒರೆಸಿಕೊಳ್ಳುತ್ತಿದ್ದಳು. ಫೋನನ್ನು ಗೂಡಿನಲ್ಲಿ ಬೋರಲು ಹಾಕಿ, ಮೊರ ತಗೊಂಡು ಅಕ್ಕಿ ಹಸನು ಮಾಡಲು ಕೂತಳು.

“ಯಾರವ್ವ ಅಷ್ಟೊತ್ತಿಂದ?” ಎಂದು ರಂಗವ್ವ ಕೇಳಿದಳು.

“ಕಂಪನಿ ಫೋನು.”

ಸೋಮವಾರ ಒಂಬತ್ತನೇ ತರಗತಿ. ಹಿಂದಿನ ಬೆಂಚಿನಲ್ಲಿ ಉಡಚಮ್ಮ, ಪಕ್ಕದಲ್ಲಿ ಅಂಕ ಹಾಕಲು ಬಂದ ಮಹಾಂತೇಶ್ ಸರ್, ಮೂಲೆಯಲ್ಲಿ ಸುಮಾ. ಮೊದಲ ಪಾಠ ರಶ್ಮಿತಾಳದು. ಅವಳು ಹಲಗೆಯ ಹತ್ತಿರ ಹೋಗಿ ಫೈಲು ಹುಡುಕುತ್ತಿದ್ದ ಆ ಅರ್ಧ ನಿಮಿಷದಲ್ಲಿ ಸುಮಾಳಿಗೆ ಏನೇನು ಆಯಿತು ಎಂದು ಬರೆದರೆ ಒಂದು ಪುಸ್ತಕವಾದೀತು. ಬೀಳಲಿ, ಚೇಳುಗಳು ಬೀಳಲಿ ಅಂದಿತು ಒಂದು ಮನಸ್ಸು. ಎದ್ದು ನಿಲ್ಲೇ, ತಡಿ ಅನ್ನೇ ಅಂದಿತು ಇನ್ನೊಂದು. ಅವಳು ಎದ್ದೇ ಎದ್ದಳು ಕೂಡ, ಅರ್ಧ. ಉಡಚಮ್ಮ ತಿರುಗಿ ನೋಡಿದರು. ಸುಮಾ ಮತ್ತೆ ಕೂತಳು.

ಹಲಗೆ ಬೆಳಗಿತು. ‘ಸಂಧಿ’ ಅಂತ ಬಂತು. ದುಂಡನೆಯ, ಮುತ್ತಿನಂಥ ಕನ್ನಡ ಅಕ್ಷರ.

ಸುಮಾ ಕಣ್ಣುಜ್ಜಿಕೊಂಡಳು. ‘ದೇವ’ ಓಡಿಬಂತು, ‘ಆಲಯ’ ಓಡಿಬಂತು, ಢಿಕ್ಕಿ ಹೊಡೆದ ಸದ್ದಿಗೆ ಮಕ್ಕಳು ಹೋ ಎಂದರು. ಹೊಗೆ ಹೋಗಿ ‘ದೇವಾಲಯ’ ನಿಂತಿತು. ಒಂದು ಹುಡುಗಿ ಎದ್ದು ನಿಂತು, “ಮೇಡಂ, ಇನ್ನೊಂದು ಸಲ ಗುದ್ದಿಸ್ರಿ” ಎಂದಳು. ಮಹಾಂತೇಶ್ ಸರ್ ತಲೆ ಆಡಿಸುತ್ತಾ ಬರೆದುಕೊಂಡರು. ಹಾಳಾಗಲಿಲ್ಲವಲ್ಲ, ಸದ್ಯ ಎಂಬ ಸಮಾಧಾನವೂ ಹಾಳಾಗಲಿಲ್ಲವಲ್ಲ ಥೂ ಎಂಬ ಸಿಟ್ಟೂ ಒಟ್ಟಿಗೇ ಓಡಿಬಂದು ಸುಮಾಳೊಳಗೆ ಢಿಕ್ಕಿ ಹೊಡೆದವು. ಅದ್ಯಾವ ಸಂಧಿಯೋ ಯಾರಿಗೆ ಗೊತ್ತು.

ಪಾಠ ಮುಗಿಸಿ ಬೆವರೊರೆಸಿಕೊಳ್ಳುತ್ತಾ ಬಂದ ರಶ್ಮಿತಾ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

“ನಿಂದೂ ಬರ್ತೈತೆ, ಹೆದರಬ್ಯಾಡ. ಶನಿವಾರ ನೋಡೋಣ ಅಂತ ಬಂದು ಹಾಕಿದ್ರೆ ಬರೀ ಕಸ ಬಂತು ಮಾರಾಯ್ತಿ. ಮಹಾಂತೇಶ್ ಸರಿಗೆ ಫೋನ್ ಮಾಡಿದೆ, ನುಡಿ ಹಾಕು, ಇಲ್ಲಾ ತುಂಗಾಕ್ಕೆ ಬದಲಾಯಿಸು ಅಂದ್ರು. ಫೈಲ್ ಬದಲಾಯಿಸಿದ್ರೆ ನಂದೊಂದೇ ಸರಿ ಹೋಗ್ತೈತೆ, ನಿಂದೂ ನುಡೀಲೇ ಇರೋದಲ್ಲ? ಅದಕ್ಕೆ ಸಂಜೆವರೆಗೂ ಕೂತು ಬೋರ್ಡಿಗೇ ನುಡಿ ಹಾಕಿಸಿದೆ. ನಿಂಗೆ ಹೇಳೋಣ ಅಂತ ಎಷ್ಟು ಸಲ ಫೋನ್ ಮಾಡಿದೆ, ಎತ್ಲೇ ಇಲ್ಲ ನೀನು.”

ಸುಮಾ ಬಾಯಿ ತೆರೆದಳು. ಅಷ್ಟರಲ್ಲಿ ಮಹಾಂತೇಶ್ ಸರ್ “ಹೂಂ, ಮುಂದಿನವರು” ಅಂದರು.

ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಕಂಪ್ಯೂಟರ್ ನೋಡಿಕೊಳ್ಳುವುದು ಆ ಇಬ್ಬರ ರೂಢಿ, ಅವತ್ತು ಸುಮಾ ಮಾತ್ರ ಅದನ್ನು ತಪ್ಪಿಸಿ ಮೂಲೆ ಹಿಡಿದಿದ್ದಳು. ರಶ್ಮಿತಾ ಎಂದಿನಂತೆ ಸುಮಾಳ ಕೈಯಿಂದ ಪೆನ್‌ಡ್ರೈವ್ ತಗೊಂಡು ಹೋಗಿ ಹಾಕಿದಳು. ಫೈಲು ತೆರೆಯಿತು. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಹಲಗೆಯ ತುಂಬ ಬಂತು. ಅಕ್ಷರ ಸ್ವಲ್ಪ ಸಣ್ಣದಾಯಿತೆಂದು ದೊಡ್ಡದು ಮಾಡಲು ರಶ್ಮಿತಾ ಅದರ ಮೇಲೆ ಬೆರಳಿಟ್ಟಳು. ಬೆರಳಿಟ್ಟ ಕೂಡಲೇ ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಕಾಣಿಸುತ್ತದೆ. ಕಾಣಿಸಿತು. ತುಂಗಾ.

ರಶ್ಮಿತಾಳ ಬೆರಳು ಅಲ್ಲೇ ನಿಂತಿತು. ಅವಳು ಆ ಹೆಸರನ್ನು ನೋಡಿದಳು. ಆಮೇಲೆ ಸುಮಾಳನ್ನು ನೋಡಿದಳು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರಿಗೆ ಬಾಯಿ ಬಿಟ್ಟು ಹೇಳಬೇಕಾಗುವುದಿಲ್ಲ. ಸುಮಾಳಿಗೆ ಗೊತ್ತಿತ್ತು, ತನ್ನದನ್ನು ಸರಿಮಾಡಿಕೊಂಡಳು, ನನ್ನದನ್ನು ಬಿಟ್ಟಳು ಎನ್ನುವುದೆಲ್ಲ ಅವಳ ಮುಖದ ಮೇಲೆ ಒಂದೊಂದಾಗಿ ಬಂದು ಹೋಯಿತು. ಅವಳು ಅಕ್ಷರವನ್ನು ದೊಡ್ಡದು ಮಾಡಿ, ಹಲಗೆಯ ತುಂಬ ಬರುವ ಹಾಗೆ ಹಾಕಿ, ಮೂಲೆಗೆ ಹೋಗಿ ಕೂತಳು.

ಸುಮಾ ಪಾಠ ಮಾಡಿದಳು. ಹೇಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಗಾದೆಗೆ ನಿಮ್ಮ ಜೀವನದ ಒಂದು ಉದಾಹರಣೆ ಹೇಳಿ ಎಂದಾಗ ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು.

“ಮೇಡಂ, ನಮ್ಮ ಅಕ್ಕನ ಪರೀಕ್ಷೆ ಹಾಳಾಗ್ಲಿ ಅಂತ ಅವಳ ಪೆನ್ನಿನ ರೀಫಿಲ್ ತೆಗೆದಿಟ್ಟಿದ್ದೆ. ಬೆಳಗ್ಗೆ ಅವಸರದಾಗೆ ನಾನೇ ಆ ಪೆನ್ನು ತಗೊಂಡು ಪರೀಕ್ಷೆಗೆ ಹೋದೆ.”

ತರಗತಿಯೆಲ್ಲ ನಕ್ಕಿತು. ಉಡಚಮ್ಮನೂ ನಕ್ಕರು. “ಯಾಕಮ್ಮ ಹಂಗೆ ಮಾಡಿದೆ?” ಎಂದು ಸುಮಾ ಕೇಳಿದಳು, ಪಾಠದ ಯೋಜನೆಯಲ್ಲಿ ಇಲ್ಲದ ಪ್ರಶ್ನೆ ಅದು. “ಅವಳು ಯಾವಾಗ್ಲೂ ಫಸ್ಟ್ ಬರ್ತಾಳ್ರೀ ಮೇಡಂ” ಅಂದಳು ಹುಡುಗಿ. ಸುಮಾ “ಕೂಡ್ರು” ಅಂದಳು.

ಮಧ್ಯಾಹ್ನ ಉಡಚಮ್ಮ ಇಬ್ಬರನ್ನೂ ಕೋಣೆಗೆ ಕರೆದರು. “ಕೂಡ್ರಿ. ಇಬ್ಬರದೂ ಚಲೋ ಆತು. ಸುಳ್ಳು ಯಾಕ ಹೇಳ್ಲಿ, ಆರಿಸೋದು ಕಷ್ಟ ಐತೆ” ಎಂದು ಕನ್ನಡಕ ಮೇಲೇರಿಸಿದರು. “ನನಗೆ ಪಾಠ ಮಾಡೋರು ಬೇಕು, ಜತೆಗೆ ಪ್ರಶ್ನೆಪತ್ರಿಕೆ ಟೈಪ್ ಮಾಡೋರೂ ಬೇಕು. ಹೊರಗೆ ಕೊಟ್ರೆ ಪೇಪರ್ರು ನನ್ನ ಕೈಗೆ ಬರೋಕೆ ಮೊದ್ಲೇ ಊರೆಲ್ಲ ಓದಿರ್ತೈತೆ. ನಮ್ಮ ಹಳೇ ಪತ್ರಿಕೆ ಎಲ್ಲಾ ನುಡೀಲೇ ಅದಾವೆ. ರಶ್ಮಿತಾ, ಬೋರ್ಡಿಗೆ ನುಡಿ ಹಾಕಿಸ್ದಾಕಿ ನೀನೇ ಅಂತ ಕೇಳ್ದೆ. ಆ ಸಂಧಿ ಪಾಠದಾಗೆ ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿಲ್ಲ. ನೀನೇ ಟೈಪ್ ಮಾಡಿದ್ದೇನು?”

ಸುಮಾ ಕಾಲಿನ ಹೆಬ್ಬೆರಳನ್ನು ಚಪ್ಪಲಿಯೊಳಗೆ ಒತ್ತಿ ಹಿಡಿದಳು. ಹೂಂ ಅನ್ನು, ಅಂದುಬಿಡು. ಒಂದು ‘ಹೂಂ’ ಸಾಕು, ಎಲ್ಲ ಮುಗಿದು ಹೋಗುತ್ತದೆ. ನಾನಾಗಿದ್ದರೆ ಅಂದೇ ಬಿಡುತ್ತಿದ್ದೆ. ನೀನೂ ಅನ್ನು, ಆಗ ನಾವಿಬ್ಬರೂ ಸಮ.

ರಶ್ಮಿತಾ ಅವಳ ಕಡೆ ನೋಡಲಿಲ್ಲ. “ಅಲ್ಲ ಮೇಡಂ” ಅಂದಳು. “ಎಲ್ಲಾ ಸುಮಾನೇ ಟೈಪ್ ಮಾಡಿಕೊಟ್ಟಿದ್ದು. ಒಂದಕ್ಷರನೂ ನಂದಲ್ಲ.”

“ಹೌದೇನು?” ಉಡಚಮ್ಮನ ಮುಖ ಅರಳಿತು. “ಹಂಗಾದ್ರೆ ಬ್ಯಾರೆ ಮಾತ್ಯಾಕ? ಸುಮಾ, ಜೂನ್ ಒಂದನೇ ತಾರೀಖು ಬಂದು ರಿಪೋರ್ಟ್ ಮಾಡ್ಕೋ. ರಶ್ಮಿತಾ, ಬ್ಯಾಸರ ಮಾಡ್ಕೊಬ್ಯಾಡಮ್ಮ.”

“ಇಲ್ಲ ಮೇಡಂ.”

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದರು. ದಿನಾ ಅಲ್ಲಿ ಮಂಡಕ್ಕಿ ಕಟ್ಟಿಸಿಕೊಂಡು ಹಂಚಿ ತಿನ್ನುತ್ತಿದ್ದವರು. ಅವತ್ತು ಮಂಡಕ್ಕಿಯವನು ಇವರನ್ನು ನೋಡಿ ಪೊಟ್ಟಣ ಕಟ್ಟಲು ಶುರುಮಾಡಿ, ಇವರು ನಿಲ್ಲದ್ದನ್ನು ನೋಡಿ ಬಿಟ್ಟ. ಬೈಯಲಿ, ಎಲ್ಲರೆದುರು ಜಡೆ ಹಿಡಿದು ಕೇಳಲಿ ಎಂದು ಸುಮಾ ಕಾಯುತ್ತಿದ್ದಳು. ಬೈದರೆ ತಾನೂ ನಾಲ್ಕು ಮಾತು ಅನ್ನಬಹುದು, ನಿನಗೇನಮ್ಮ ಕಡಿಮೆ ಅನ್ನಬಹುದು, ಜಗಳವಾಗಿ ಮುಗಿದು ಹೋಗುತ್ತದೆ. ದಾವಣಗೆರೆ ಬಸ್ಸು ಹೊರಡಲು ನಿಂತಿತ್ತು. ರಶ್ಮಿತಾ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು. ಕಣ್ಣು ಕೆಂಪಾಗಿತ್ತು.

“ನಂದೂ ಬದಲಾಯಿಸೋಕೆ ಎಷ್ಟೊತ್ತಾಗ್ತಿತ್ತೇ?”

ಸುಮಾಳಿಗೆ ಸುಳ್ಳು ಹೊಳೆಯಲಿಲ್ಲ. “ಎರಡು ನಿಮಿಷ” ಅಂದಳು.

“ಎರಡೇ?”

ಅಷ್ಟು ಕೇಳಿ ರಶ್ಮಿತಾ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಸೀಟು ಖಾಲಿ ಇದ್ದರೂ ಆಚೆ ಕಡೆ ಹೋಗಿ ಕೂತಳು.

ಭಾನುವಳ್ಳಿಯಲ್ಲಿ ಸುದ್ದಿ ಕೇಳಿದ ಹಾಲೇಶಪ್ಪ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೇಳಿಬರಲು ಹೊರಟ. ರಂಗವ್ವ ದೇವರ ಮುಂದೆ ದೀಪ ಹಚ್ಚಿ, ಮಗಳ ಬಾಯಿಗೆ ಸಕ್ಕರೆ ಹಾಕಿದಳು. ಹಾಕಿದವಳು ಹಾಗೇ ನಿಂತಳು.

“ಹಂಗಾರೆ ಆ ಹುಡುಗೀಗೆ ಸಿಗಲಿಲ್ಲೇನವ್ವ?”

“ಇಲ್ಲ.”

“ಪಾಪ. ಬಾಳ ಒಳ್ಳೇ ಹುಡುಗಿ ಅದು.”

ಈ ಸಲ ಕುಕ್ಕಲು ಕೈಯಲ್ಲಿ ಪಾತ್ರೆ ಇರಲಿಲ್ಲ. ಸುಮಾ ಗೋಡೆಗೆ ಒರಗಿದಳು. ಸಕ್ಕರೆ ಇನ್ನೂ ನಾಲಿಗೆಯ ಮೇಲೇ ಇತ್ತು.

“ಹೂನವ್ವ, ಬಾಳ ಒಳ್ಳೇಕಿ” ಅಂದಳು. “ಅದಕ್ಕೇ ನಂಗೆ ಹೊಟ್ಟೆ ಉರಿಯೋದು.”

ರಂಗವ್ವ ಗಾಬರಿಯಾಗಿ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. “ಬೆಳಗ್ಗಿಂದ ಒಂದು ತುತ್ತು ಉಂಡಿಲ್ಲ, ಉರೀದೆ ಇನ್ನೇನಾಗ್ತೈತೆ? ಕೂಡು, ಒಂದು ಲೋಟ ಮಜ್ಜಿಗೆ ಕುಡಿ.”

ಸುಮಾ ಕೂತಳು. ಅವ್ವ ಕೊಟ್ಟ ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದಳು. ಉರಿ ಇಳಿಯಲಿಲ್ಲ.